ಹುಲಿಗೆಮ್ಮನ ಝಿಪ್ ಕವರೂ ನನ್ನ ಹಸಿರು ಅಧಿಕಾರವೂ

ಭೂಮಿಯನ್ನು ಉಳಿಸುವ ಹೊಣೆ ಆದೋನಿಯ ಒಂದು ಹತ್ತಿ ಮಿಲ್ಲಿನ ಹೆಡ್ ಕ್ಲರ್ಕಿನ ಹೆಗಲಿಗೆ ಬೀಳುತ್ತದೆ ಎಂದು ಯಾರಾದರೂ ಎಣಿಸಿದ್ದರೇ? ನಾನಂತೂ ಎಣಿಸಿರಲಿಲ್ಲ. ಆದರೆ ಬಿದ್ದಿತು! ಒಂದು ಸೋಮವಾರ ಹೈದರಾಬಾದಿನ ಹೆಡ್ಡಾಫೀಸಿನಿಂದ ಸುತ್ತೋಲೆ ಬಂತು. ಕಂಪನಿಯ ಎಲ್ಲ ಮಿಲ್ಲುಗಳಲ್ಲೂ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ಕನ್ನು ಕೂಡಲೇ ನಿಷೇಧಿಸಲಾಗಿದೆ, ಪ್ರತಿ ಮಿಲ್ಲಿನಲ್ಲೂ ಒಬ್ಬ ‘ಹಸಿರು ಅಧಿಕಾರಿ’ಯನ್ನು ನೇಮಿಸತಕ್ಕದ್ದು, ವಶಪಡಿಸಿಕೊಂಡ ಪ್ಲಾಸ್ಟಿಕ್ಕನ್ನು ತೂಕ ಮಾಡಿ, ಸೀಲು ಹಾಕಿ, ಫೋಟೊ ಸಮೇತ ವರದಿ ಮಾಡತಕ್ಕದ್ದು. ಮುಂದಿನ ವಾರದ ಶುಕ್ರವಾರ ಮೇಡಂ ಒಬ್ಬರು ತಪಾಸಣೆಗೆ ಬರುತ್ತಾರೆ.

ಮ್ಯಾನೇಜರು ಸುತ್ತೋಲೆ ಓದಿ ಮುಗಿಸಿ, ಕನ್ನಡಕದ ಮೇಲಿಂದ ಆಫೀಸನ್ನೆಲ್ಲ ಒಮ್ಮೆ ನೋಡಿದರು. ಆಫೀಸಿನಲ್ಲಿ ಆಗ ಇದ್ದವನು ನಾನೊಬ್ಬನೇ.

“ಬಸಣ್ಣಾ, ಇದಕ್ಕ ನೀವ ಕರೆಕ್ಟು ನೋಡ್ರಿ,” ಎಂದರು.

ಇಪ್ಪತ್ತಾರು ವರ್ಷದ ನೌಕರಿಯಲ್ಲಿ ನನ್ನ ಹೆಸರಿನ ಜೊತೆಗೆ ‘ಅಧಿಕಾರಿ’ ಎಂಬ ಪದ ಸೇರಿದ್ದು ಅದೇ ಮೊದಲು. ಮನೆಗೆ ಹೋದವನೇ ಚಪ್ಪಲಿ ಬಿಡುವ ಮೊದಲೇ ಹೆಂಡತಿ ನಾಗರತ್ನಳಿಗೆ ಸುದ್ದಿ ಹೇಳಿದೆ. ಆಕೆ ಸಜ್ಜೆ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

“ಪಗಾರ ಏನರ ಜಾಸ್ತಿ ಮಾಡ್ತಾರೇನ್ರೀ?”

“ಭೂಮಿ ಉಳಸೂ ಕೆಲಸಕ್ಕ ಪಗಾರ ಕೇಳ್ತಾರೇನೇ?”

“ಹಂಗಾದ್ರ ಭೂಮಿ ನಿಮಗ ಸಿಕ್ಕಿದ್ದು ಪಾಪ ಅದರ ಹಣೆಬರಹ ಬಿಡ್ರಿ.”

ಅಡುಗೆಮನೆಯ ಬಾಗಿಲ ಹಿಂದೆ ಒಂದು ದೊಡ್ಡ ಕವರಿನ ತುಂಬ ಸಣ್ಣ ಕವರುಗಳನ್ನು ತುರುಕಿ ನೇತುಹಾಕುವುದು ನಮ್ಮ ಮನೆಯ ಪದ್ಧತಿ. ಎಲ್ಲರ ಮನೆಯದೂ ಅದೇ. ಅಧಿಕಾರಿಯ ಮನೆಯಲ್ಲೇ ಹೀಗಾದರೆ ಹೇಗೆ? ಅಂದೇ ಆ ಗಂಟನ್ನು ಎತ್ತಿ ಹೊರಗೆ ಹಾಕಿದೆ. ಮರುದಿನ ಆಕೆ ಬೆಣ್ಣೆಯನ್ನು ನನ್ನ ಒಗೆದ ಕರವಸ್ತ್ರದಲ್ಲಿ ಕಟ್ಟಿ ಇಟ್ಟಿದ್ದಳು. ಇದು ಮೊದಲ ಎಚ್ಚರಿಕೆ. ಅಧಿಕಾರದ ಗುಂಗಿನಲ್ಲಿದ್ದವನಿಗೆ ತಿಳಿಯಲಿಲ್ಲ.

ಇಲ್ಲಿ ನಮ್ಮ ಮಿಲ್ಲಿನ ಬಗ್ಗೆ ಎರಡು ಮಾತು ಹೇಳಬೇಕು. ರೈತರು ತಂದ ಹತ್ತಿಯನ್ನು ಅಂಗಳದಲ್ಲಿ ರಾಶಿ ಹಾಕುತ್ತೇವೆ. ಎಂಬತ್ತು ಹೆಂಗಸರು ಸುತ್ತ ಕೂತು ಅದರಲ್ಲಿನ ಕಸ, ಕಡ್ಡಿ, ಕೂದಲು, ಗೊಬ್ಬರದ ಚೀಲದ ಎಳೆ, ಎಲ್ಲವನ್ನೂ ಕೈಯಲ್ಲಿ ಆರಿಸುತ್ತಾರೆ. ಆಮೇಲೆ ಯಂತ್ರ ಬೀಜ ಬೇರೆ ಮಾಡಿ ಅರಳೆ ಕೊಡುತ್ತದೆ. ಅರಳೆಯನ್ನು ಒತ್ತಿ ದೊಡ್ಡ ದೊಡ್ಡ ಗಂಟು, ಅಂದರೆ ಬೇಲು, ಕಟ್ಟುತ್ತೇವೆ. ಯಂತ್ರದೊಳಗೆ ಒಂದು ಬಣ್ಣದ ದಾರ ಹೋದರೂ ಅದು ನೂರು ತುಂಡಾಗಿ ಅರಳೆಯ ತುಂಬ ಹರಡುತ್ತದೆ. ಹತ್ತಿಯವರಿಗೆ ಬಣ್ಣದ ದಾರ ಎಂದರೆ ಹಾಲಿಗೆ ಹುಳಿ ಇದ್ದ ಹಾಗೆ. ಈ ಮಾತು ಮಿಲ್ಲಿನ ಬಾಗಿಲು ಕಾಯುವವನಿಗೂ ಗೊತ್ತು. ನನಗೂ ಗೊತ್ತಿತ್ತು ಎಂಬುದನ್ನು ದಯವಿಟ್ಟು ನೆನಪಿನಲ್ಲಿಡಿ.

ಆ ಎಂಬತ್ತು ಜನರಲ್ಲಿ ಹಿರಿಯಳು ಹುಲಿಗೆಮ್ಮ. ಹಾಲಹರವಿ ಕಡೆಯವಳು. ಹದಿನೈದು ವರ್ಷದಿಂದ ನಮ್ಮಲ್ಲಿ ಹತ್ತಿ ಆರಿಸುತ್ತಾಳೆ. ಈಚೆಗೆ ಎರಡೂ ಕಣ್ಣಿಗೆ ಪೊರೆ ಬಂದು, ಕಣ್ಣಿಗಿಂತ ಬೆರಳನ್ನೇ ನಂಬಿ ಕೆಲಸ ಮಾಡುತ್ತಿದ್ದಳು. ಬುಧವಾರ ನನ್ನ ಮೇಜಿನ ಮುಂದೆ ಬಂದು ನಿಂತಳು.

“ಸಾರು, ಬರೂ ವಾರದ ಗುರುವಾರ ನನಗ ರಜಾ ಬೇಕ್ರಿ. ಕಣ್ಣಿನ ಆಪರೇಷನ್ ಐತಿ.”

ಗುಲಾಬಿ ಬಣ್ಣದ ಚೀಟಿ ತೋರಿಸಿದಳು. ಆಸ್ಪತ್ರೆಯವರು ಪಾಳಿಯ ನಂಬರು ಬರೆದುಕೊಟ್ಟಿದ್ದರು. ಅದಕ್ಕಾಗಿ ನಾಲ್ಕು ತಿಂಗಳು ಕಾದಿದ್ದಳಂತೆ. ನಾನು ರಜೆಗೆ ಸಹಿ ಹಾಕಿದೆ. ಆಕೆ ಚೀಟಿಯನ್ನು ತನ್ನ ಬುತ್ತಿಯ ಕವರಿನೊಳಗೆ ಇಟ್ಟು ಝಿಪ್ಪು ಎಳೆದಳು. ಮಗಳ ಮದುವೆಗೆ ಸೀರೆ ಕೊಂಡಾಗ ಅಂಗಡಿಯವರು ಕೊಟ್ಟ ಪಾರದರ್ಶಕ ಕವರು ಅದು. ಮದುವೆಯಾಗಿ ಆರು ವರ್ಷ. ಆ ಮಗಳ ಮಗ ಈಗ ಶಾಲೆಗೆ ಹೋಗುತ್ತಿದ್ದಾನೆ. ಕವರು ಇನ್ನೂ ಮಿಲ್ಲಿಗೆ ಬರುತ್ತಿತ್ತು! ದಿನಾ ಸಂಜೆ ತೊಳೆದು, ಬೇಲಿಗೆ ಒಣಹಾಕಿ, ಬೆಳಿಗ್ಗೆ ಮತ್ತೆ ರೊಟ್ಟಿ ಕಟ್ಟುತ್ತಿದ್ದಳು.

ಶುಕ್ರವಾರ ಗೇಟಿನ ಬಳಿ ಒಂದು ಡ್ರಮ್ಮು ಇಡಿಸಿ ಅಭಿಯಾನ ಆರಂಭಿಸಿದೆ. ಹಿಂದೆ ‘ಪ್ಲಾಸ್ಟಿಕ್ ಮುಕ್ತ ಮಿಲ್ಲು’ ಎಂಬ ಆರು ಅಡಿ ಬ್ಯಾನರು. ಅದು ಯಾವುದರಿಂದ ಮಾಡಿದ್ದು ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಮ್ಯಾನೇಜರು ಮೊಬೈಲು ಹಿಡಿದು ಫೋಟೊ ತೆಗೆಯಲು ನಿಂತರು. ಹೆಂಗಸರು ಒಬ್ಬೊಬ್ಬರೇ ರೊಟ್ಟಿಯನ್ನು ಸೆರಗಿಗೆ ಹಾಕಿಕೊಂಡು ಕವರನ್ನು ಡ್ರಮ್ಮಿಗೆ ಹಾಕುತ್ತ ಬಂದರು. ನಡುವೆ ಹುಲಿಗೆಮ್ಮ ಬಂದಳು.

“ಸಾರು, ಅಲ್ಲಿ ಲಾರಿಯಾಗ ಹತ್ತಿ ಬೇಲುಗಳಿಗೆಲ್ಲ ಬಿಗದಾರಲ್ಲ ಪಟ್ಟಿ, ಮ್ಯಾಲೆ ಹೊದ್ದಿಸ್ಯಾರಲ್ಲ ಹಾಳಿ, ಅದೂ ಪ್ಲಾಸ್ಟಿಕ್ಕ ಅಲ್ಲೇನ್ರಿ?”

“ಅದು ಸುತ್ತೋಲಿಯಾಗ ಇಲ್ಲವ್ವ.”

“ಮತ್ತ ನನ್ನ ಕವರು ಐತೇನ್ರಿ?”

“ಐತಿ!” ಎಂದೆ. ಎಂಥ ದಿಟ್ಟ ಉತ್ತರ! ಆಕೆ ರೊಟ್ಟಿ ತೆಗೆದು ಮತ್ತೆ ಝಿಪ್ಪು ಎಳೆದ ಕೂಡಲೇ ಕವರನ್ನು ಕೈಯಿಂದ ಇಸಿದುಕೊಂಡು ಮೇಲೆತ್ತಿ ಹಿಡಿದೆ.

“ಸಾರು, ಅದರಾಗ ನನ್ನ ಕಣ್ಣಿಂದು ಚೀಟಿ…”

“ತಾಳವ್ವ, ಫೋಟೊ ಆಗ್ಲಿ,” ಎಂದೆ, ಹಲ್ಲು ಬಿಟ್ಟುಕೊಂಡೇ. ಫೋಟೊ ಆಯಿತು. ಕವರು ಡ್ರಮ್ಮಿಗೆ ಹೋಯಿತು. ಹಿಂದೆ ಇನ್ನೂ ನಲವತ್ತು ಜನ ನಿಂತಿದ್ದರು. “ಮುಂದ ನಡೀರಿ, ಮುಂದ ನಡೀರಿ!” ಎಂದೆ.

ಚೀಟಿ ಕವರಿನಲ್ಲೇ ಉಳಿಯಿತೆಂದು ಹೇಳಲು ಮಧ್ಯಾಹ್ನ ಆಕೆ ಮತ್ತೆ ಆಫೀಸಿಗೆ ಬಂದಳು. ಅಷ್ಟರಲ್ಲಿ ನಾನು ಎಲ್ಲವನ್ನೂ ದೊಡ್ಡ ಕರಿ ಚೀಲಗಳಿಗೆ ತುಂಬಿ, ತೂಗಿ, ಸೀಲು ಹಾಕಿದ್ದೆ. ಆ ಕರಿ ಚೀಲಗಳನ್ನು ಇದಕ್ಕೆಂದೇ ಹೊಸದಾಗಿ ತರಿಸಿದ್ದೆ. ಅವೂ ಪ್ಲಾಸ್ಟಿಕ್ಕೇ.

“ಸೀಲ್ ಆಗೇತಿ ಹುಲಿಗೆಮ್ಮ. ಒಡದ್ರ ತೂಕ ತಪ್ಪತೈತಿ. ಆಸ್ಪತ್ರಿಗೆ ಹೋಗಿ ಇನ್ನೊಂದು ಚೀಟಿ ಬರಸ್ಕೋ. ಅವರಿಗೇನು ಕೈ ನೋಯ್ತಾವೇನು?”

ಆಕೆ ಹತ್ತಿಯ ರಾಶಿಗೆ ವಾಪಸು ಹೋದಳು. ನಾನು ವರದಿ ಬರೆಯಲು ಕೂತೆ. ಈಗ ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ. ಅಂದು ನನ್ನ ಕಿವಿ ತಣ್ಣಗಿತ್ತು.

ಶನಿವಾರ ಹೆಡ್ಡಾಫೀಸಿನಿಂದ ಎಂಬತ್ತು ಬಟ್ಟೆ ಚೀಲ ಬಂದವು. ಅಭಿಯಾನದ ಗುರುತಿಗೆಂದು ಗಾಢ ಹಸಿರು ಬಣ್ಣ. ನಾಗರತ್ನಳಿಗೆ ಸುದ್ದಿ ಹೇಳಿದಾಗ ಆಕೆ ಕೇಳಿದಳು: “ನೇಯೂ ಮಂದಿ ಇಲ್ಲೇ ಎಮ್ಮಿಗನೂರಾಗ ಅದಾರ. ಬಟ್ಟಿ ಚೀಲ ಹೈದರಾಬಾದಿಂದ ಲಾರಿ ಹತ್ತಿ ಬರಬೇಕೇನ್ರೀ?” ಇದಕ್ಕೂ ಸುತ್ತೋಲೆಯಲ್ಲಿ ಉತ್ತರ ಇರಲಿಲ್ಲ. ಇನ್ನೊಂದು ವಿಷಯ ನಾನು ಆಕೆಗೆ ಹೇಳಲೇ ಇಲ್ಲ. ಎಂಬತ್ತು ಚೀಲವೂ ಮಾಸಬಾರದೆಂದು ಒಂದೊಂದಾಗಿ ಎಂಬತ್ತು ಪ್ಲಾಸ್ಟಿಕ್ ಕವರುಗಳಲ್ಲಿ ಬಂದಿದ್ದವು! ಆ ಕವರುಗಳನ್ನು ಏನು ಮಾಡುವುದು? ಅಧಿಕಾರಿಯ ತಲೆ ಓಡಿತು. ಅವನ್ನೂ ಕರಿ ಚೀಲಕ್ಕೆ ತುಂಬಿ, ಸೀಲು ಹಾಕಿ, ‘ವಶಪಡಿಸಿಕೊಂಡ ಪ್ಲಾಸ್ಟಿಕ್’ ಎಂದು ತೂಕಕ್ಕೆ ಸೇರಿಸಿದೆ. ಹೆಡ್ಡಾಫೀಸಿನಿಂದ ಅಭಿನಂದನೆಯ ಸಂದೇಶ ಬಂತು.

ಹೆಂಗಸರು ಎರಡು ದಿನ ಹಸಿರು ಚೀಲದಲ್ಲಿ ರೊಟ್ಟಿ ತಂದರು. ಚಟ್ನಿಯ ಎಣ್ಣೆ ಸೋರಿ ಸೀರೆಗೆ ಬಳಿಯಿತು. ತೊಳೆದರೆ ಬಣ್ಣ ಬಿಟ್ಟು ರೊಟ್ಟಿಯೂ ಹಸಿರಾಯಿತು. ಮೂರನೆಯ ದಿನ ಅವರು ಚೀಲಕ್ಕೆ ತಕ್ಕ ಉಪಯೋಗ ಕಂಡುಕೊಂಡರು. ಹೊಲಿಗೆ ಬಿಚ್ಚಿ, ಕತ್ತರಿಸಿ, ತಲೆಗೆ ಕಟ್ಟಿಕೊಂಡರು. ಹತ್ತಿಯಲ್ಲಿ ಕೂದಲು ಬೀಳಬಾರದೆಂದು ತಲೆಗೆ ಬಟ್ಟೆ ಕಟ್ಟುವುದು ಮಿಲ್ಲಿನ ನಿಯಮ. ಇಷ್ಟು ವರ್ಷ ಅವರು ಕಟ್ಟುತ್ತಿದ್ದದ್ದು ಬಿಳಿ ಬಟ್ಟೆ. ಎಂಬತ್ತು ಹಸಿರು ತಲೆಗಳು ಬಿಳಿ ಹತ್ತಿಯ ಸುತ್ತ! ನೋಡಲು ಚೆಂದವಿತ್ತು. ಅದರ ಫೋಟೊವನ್ನೂ ಕಳಿಸಿದೆ. ಕತ್ತರಿಸಿದ ಅಂಚಿನಿಂದ ಎಳೆ ಉದುರುತ್ತದೆ ಎಂಬುದು ಹತ್ತಿಯಲ್ಲೇ ತಲೆ ನರೆಸಿಕೊಂಡ ನನಗೆ ಹೊಳೆಯಲೇ ಇಲ್ಲ.

ಗುರುವಾರ ಹಾಜರಿ ಪುಸ್ತಕ ನೋಡಿದರೆ ಹುಲಿಗೆಮ್ಮನ ಹೆಸರಿನ ಮುಂದೆ ಹೆಬ್ಬೆಟ್ಟು ಇದೆ. ‘ರಜಾ ಕೊಟ್ಟರೂ ಕೆಲಸಕ್ಕೆ ಬಂದಿದ್ದಾಳೆ, ಎಂಥ ನಿಷ್ಠೆ!’ ಎಂದು ಮೆಚ್ಚಿಕೊಂಡೆ. ಏಕೆ ಬಂದಳು ಎಂದು ಕೇಳಲಿಲ್ಲ.

ಶುಕ್ರವಾರ ಮೇಡಂ ಬಂದರು. ಬ್ಯಾನರು ನೋಡಿ ನಕ್ಕರು, ಡ್ರಮ್ಮು ನೋಡಿ ತಲೆಯಾಡಿಸಿದರು. ಆಮೇಲೆ ಅರಳೆಯ ರಾಶಿಗೆ ಕೈ ಹಾಕಿದರು. ಕೈ ಮೇಲೆ ಬಂತು. ಅಂಗೈ ತುಂಬ ಹಸಿರು ಎಳೆ.

“ಇದೇಂಟಂಡಿ?” ಎಂದು ತೆಲುಗಿನಲ್ಲಿ ಕೇಳಿದರು. ಇದೇನು ಎಂದರ್ಥ. ನಾನು ಅಂಗಳದ ಎಂಬತ್ತು ಹಸಿರು ತಲೆಗಳತ್ತ ಕೈ ತೋರಿಸಿದೆ.

ಯಂತ್ರ ನಿಂತಿತು. ಹೊರಗಿನ ರಾಶಿಯನ್ನೆಲ್ಲ ಮತ್ತೆ ಆರಿಸಬೇಕೆಂದು ಆಜ್ಞೆಯಾಯಿತು. ಮ್ಯಾನೇಜರು ನನ್ನತ್ತ ಒಂದು ನೋಟ ಬೀರಿದರು. ನಾನು ಪ್ಯಾಂಟು ಮಡಿಸಿ ಹೆಂಗಸರ ಸಾಲಿನಲ್ಲಿ ಕೂತು ಎಳೆ ಆರಿಸತೊಡಗಿದೆ. ಪಕ್ಕದಲ್ಲಿ ಹುಲಿಗೆಮ್ಮ. ಆಕೆ ಬಿಟ್ಟ ಹತ್ತಿಯಲ್ಲಿ ಒಂದೊಂದು ಗೇಣಿನ ಹಸಿರು ದಾರ ಹಾಗೇ ಉಳಿದಿತ್ತು. ಸಿಟ್ಟನ್ನು ಯಾರ ಮೇಲಾದರೂ ತೀರಿಸಬೇಕಲ್ಲ!

“ಇಷ್ಟುದ್ದ ದಾರ ಐತಿ, ಕಣ್ಣು ಕಾಣಂಗಿಲ್ಲೇನು ಹುಲಿಗೆಮ್ಮ?”

“ಕಾಣಂಗಿಲ್ರಿ ಸಾರು,” ಎಂದಳು. ಸಿಟ್ಟಿಲ್ಲ, ಅಳುವಿಲ್ಲ. “ಚೀಟಿ ಇಲ್ದ ಪಾಳಿ ಇಲ್ಲ ಅಂದ್ರು. ಎರಡು ದಿನ ಕೆಲಸ ಬಿಟ್ಟಮ್ಯಾಲೆ ಹೋಗಿ ನಿಂತೆ, ಹೊಸಾದು ಬರದು ಕೊಡಲಿಲ್ಲ. ಅದಕ್ಕ ನಿನ್ನೆ ಕೆಲಸಕ್ಕ ಬಂದೆ. ಅಲ್ಲಿ ನನ್ನ ನಂಬರು ಕರದು, ನಾ ಇಲ್ಲಂತ ಬ್ಯಾರೇರನ್ನ ಒಳಗ ಕರಕಂಡ್ರಂತ.”

ನನ್ನ ಕೈಯಲ್ಲಿನ ಹತ್ತಿ ಕೈಯಲ್ಲೇ ಉಳಿಯಿತು. ನಾನು ಬಹಳ ಸಲ ಪೆದ್ದನಾಗಿದ್ದೇನೆ. ಪೆದ್ದತನ ನನಗೆ ಹೊಸದಲ್ಲ. ಆದರೆ ಆ ಹೊತ್ತು ನಾನು ಪೆದ್ದ ಅಲ್ಲ, ಕೆಟ್ಟವ ಅನ್ನಿಸಿತು. ಆ ಚೀಟಿಯನ್ನು ನಾನೇ ನೋಡಿದ್ದೆ. ಅದು ಎಲ್ಲಿದೆ ಎಂದು ಆಕೆ ಎರಡು ಸಲ ಹೇಳಿದ್ದಳು. ನನಗೆ ನಾಚಿಕೆಯಾಯಿತು. ಬಹಳ ನಾಚಿಕೆಯಾಯಿತು.

ಎದ್ದು ಗೋದಾಮಿಗೆ ಓಡಿದೆ. ಕರಿ ಚೀಲಗಳನ್ನು ಅಂಗಳಕ್ಕೆ ಎಳೆದು ತಂದು, ಮೇಡಂ ಎದುರಿಗೇ ಸೀಲು ಹರಿದು ಸುರಿದೆ. ಮೊದಲು ಬಿದ್ದವು ಎಂಬತ್ತು ಹೊಳೆಯುವ ಹೊಸ ಕವರು, ಪ್ರತಿಯೊಂದರ ಮೇಲೂ ನಮ್ಮ ಕಂಪನಿಯ ಹೆಸರು.

“ಇವು ಎಲ್ಲಿಯವು?” ಎಂದರು ಮೇಡಂ.

“ನೀವು ಕಳಿಸಿದ ಚೀಲಗಳ ಅಂಗಿ, ಮೇಡಂ,” ಎಂದೆ. ಮೇಡಂ ತಮ್ಮ ಕೈಲಿದ್ದ ನೀರಿನ ಪ್ಲಾಸ್ಟಿಕ್ ಬಾಟಲಿಯನ್ನು ಮೆಲ್ಲಗೆ ಕಾರಿನೊಳಗೆ ಇಟ್ಟರು.

ನಾನು ಮೊಣಕಾಲೂರಿ, ವಾರದ ಚಟ್ನಿಯ ವಾಸನೆಯಲ್ಲಿ ಮುಳುಗಿ ಹುಡುಕಿದೆ. ತಳದಲ್ಲಿ ಸಿಕ್ಕಿತು. ಝಿಪ್ಪು ಹಾಕಿದ ಹಾಗೇ ಇತ್ತು. ಒಳಗೆ ಚೀಟಿ ಒಂದು ಹನಿ ಎಣ್ಣೆ ಸೋಕದೆ ಗರಿಗರಿಯಾಗಿತ್ತು. ಅಂಥ ಕವರನ್ನು ನಾನು ಬಿಸಾಡುವ ಸಾಮಾನು ಎಂದಿದ್ದೆ!

ಹುಲಿಗೆಮ್ಮನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆ. ಅಲ್ಲಿನ ಗುಮಾಸ್ತ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

“ತಾರೀಖು ಮುಗದೈತಿ. ಲಿಸ್ಟ್ ಕ್ಲೋಜ್ ಆಗೇತಿ. ಈಗ ನಡುವ ಹೆಸರು ಸೇರಿಸಿದ್ರ ಲೆಕ್ಕ ತಪ್ಪತೈತ್ರಿ.”

ಅದು ನನ್ನದೇ ಮಾತು. ಎದುರಿಗೆ ನಿಂತು ಕೇಳುವಾಗ ಹೇಗಿರುತ್ತದೆ ಎಂದು ಅಂದು ತಿಳಿಯಿತು. ಕೈ ಮುಗಿದೆ. ನನ್ನ ತಪ್ಪನ್ನು ಇಡೀ ಪಾಳಿಗೆ ಕೇಳುವ ಹಾಗೆ ಹೇಳಿದೆ. ಅವನು ಮನುಷ್ಯ, ನನ್ನಂತೆ ಅಧಿಕಾರಿ ಅಲ್ಲ. ಇಪ್ಪತ್ತು ದಿನಕ್ಕೆ ಹೊಸ ಪಾಳಿ ಬರೆದುಕೊಟ್ಟ. ಆ ಇಪ್ಪತ್ತು ದಿನ ಹುಲಿಗೆಮ್ಮ ಬೆರಳಿನಿಂದಲೇ ಹಸಿರು ದಾರ ತಡಕುತ್ತ ಕೂತಳು. ಆಕೆ ಬಿಟ್ಟದ್ದನ್ನು ಪಕ್ಕದಲ್ಲಿ ಕೂತು ನಾನು ಆರಿಸಿದೆ.

ಮನೆಯಲ್ಲಿ ನಾಗರತ್ನ ಎಲ್ಲ ಕೇಳಿದಳು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. “ಆಪರೇಷನ್ ದಿನ ಆಕಿ ಬುತ್ತಿ ನಾ ಕಟ್ಟತೀನಿ. ಒಂದು ಕವರ್ ತಂದು ಕೊಡ್ರಿ,” ಎಂದಳು. ಮನೆಯಲ್ಲಿ ಒಂದೂ ಕವರು ಇರಲಿಲ್ಲ!

ಆಪರೇಷನ್ ಚೆನ್ನಾಗಿ ಆಯಿತು. ತಿಂಗಳ ಮೇಲೆ ಹುಲಿಗೆಮ್ಮ ಕರಿ ಕನ್ನಡಕ ತೆಗೆದು, ಹಳೆಯ ಝಿಪ್ ಕವರಿನಲ್ಲಿ ರೊಟ್ಟಿ ಕಟ್ಟಿಕೊಂಡು ಕೆಲಸಕ್ಕೆ ಬಂದಳು. ಆಫೀಸಿಗೆ ಬಂದು ಸುತ್ತಲೂ ಹೊಸದಾಗಿ ನೋಡಿದಳು. ಗೋಡೆಯ ಮೇಲೆ ನನ್ನ ಫೋಟೊ ಇತ್ತು. ಅಭಿಯಾನದ ಮೊದಲ ದಿನದ್ದು. ಹೆಡ್ಡಾಫೀಸಿನವರು ದೊಡ್ಡದಾಗಿ ಮಾಡಿಸಿ, ಪ್ಲಾಸ್ಟಿಕ್ಕಿನ ಹಾಳೆ ಹೊದಿಸಿ ಎಲ್ಲ ಮಿಲ್ಲುಗಳಿಗೂ ಕಳಿಸಿದ್ದರು. ಅದನ್ನು ತೆಗೆಸಲು ಅನುಮತಿ ಕೇಳಿ ನಾನು ಬರೆದ ಪತ್ರಕ್ಕೆ ಉತ್ತರ ಬಂದಿರಲಿಲ್ಲ. ಹುಲಿಗೆಮ್ಮ ಅದರ ಹತ್ತಿರ ಹೋದಳು. ಬೆರಳಿಟ್ಟಳು.

“ಸಾರು, ನೋಡ್ರಿಲ್ಲಿ! ನಿಮ್ಮ ಕೈಯಾಗ ನನ್ನ ಕವರು. ಅದರಾಗ ಗುಲಾಬಿ ಚೀಟಿ ಎಷ್ಟು ಚಂದ ಕಾಣಾಕತ್ತೈತಿ!”

ಹತ್ತಿರ ಹೋಗಿ ನೋಡಿದೆ. ಹೌದು. ನನ್ನ ಮೂಗಿನಿಂದ ಒಂದು ಗೇಣು ದೂರದಲ್ಲಿ, ಅಂಗೈಯಗಲದ ಚೀಟಿ, ನಂಬರಿನ ಸಮೇತ. ಅದರ ಪಕ್ಕದಲ್ಲಿ ಹಲ್ಲು ಬಿಟ್ಟು ನಿಂತಿರುವ ನಾನು. ಪೊರೆ ಬಂದದ್ದು ಹುಲಿಗೆಮ್ಮನಿಗಂತೆ!