ತಿರಸ್ಕರಿಸಬೇಕಾಗಿದ್ದ ಕಾರಿನ ವಿಚಾರವಾಗಿ

ಬಾಗಲಗುಂಟೆ
9 ಮಾರ್ಚ್ 1981

ಶ್ರೀ ನರಸಯ್ಯನವರಿಗೆ,
ಮುಖ್ಯ ತಾಂತ್ರಿಕ ಪರಿಶೀಲಕರು,
ಉತ್ತರ ವಲಯ ಹವ್ಯಾಸಿ ಮೋಟಾರು ಕೂಟ, ಯಲಹಂಕ.

ಮಾನ್ಯರೇ,

ತಮ್ಮ ಅನುಭವಕ್ಕೂ, ತಮ್ಮ ಚುರುಕು ಕಣ್ಣಿಗೂ, ಕಿವಿಯ ಹಿಂದೆ ಸಿಕ್ಕಿಸಿಕೊಂಡಿದ್ದ ಕೆಂಪು ಪೆನ್ಸಿಲಿಗೂ ಮೊದಲು ನನ್ನ ಸಲಾಮು ಸಲ್ಲಲಿ. ನಿನ್ನೆ ಭಾನುವಾರ ಹಳೆಯ ರನ್‌ವೇ ಮೇಲೆ ನಡೆದ ಪಂದ್ಯಕ್ಕೆ ನನ್ನ ಕಾರು ಯೋಗ್ಯವಾಗಿದೆ ಎಂದು ಒಪ್ಪಿ, ತಾವು ನನಗೆ ಮಾಡಿದ ಘೋರ ಅನ್ಯಾಯವನ್ನು ನಾಲ್ಕು ಜನ ಓದಲಿ ಎಂದೇ ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಾನು ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಲೇತ್ ನಡೆಸುವ ಗಯಾಸ್. ಮೂರು ವರ್ಷದ ಹಿಂದೆ ಕ್ಯಾಂಟೀನಿನಲ್ಲಿ ಚಹಾದ ಹುಮ್ಮಸ್ಸಿನಲ್ಲಿ, ರೇಸ್ ಕಾರು ಕಟ್ಟಿ ಓಡಿಸುತ್ತೇನೆ ಎಂದು ಮೂವತ್ತು ಜನರೆದುರು ಸಾರಿಬಿಟ್ಟೆ. ಅವರೆಲ್ಲರೂ ಅದನ್ನು ಮರೆತಿದ್ದರೆ ನಾನು ಇಂದು ಸುಖವಾಗಿರುತ್ತಿದ್ದೆ. ಯಾರೂ ಮರೆಯದ ಕಾರಣ, ಗುಜರಿಯಿಂದ ಒಂದು ಹಳೆಯ ಕಾರನ್ನು ಎಳೆಸಿಕೊಂಡು ಬಂದು, ನಾವು ಬಾಡಿಗೆಗಿರುವ ಮನೆಯ ಒಡತಿ ಸೊಣ್ಣಮ್ಮನವರ ಖಾಲಿ ದನದ ಕೊಟ್ಟಿಗೆಯಲ್ಲಿ ನಿಲ್ಲಿಸಬೇಕಾಯಿತು.

ಕಾರು ಹಗುರವಾದಷ್ಟೂ ಓಟ ಹೆಚ್ಚು ಎಂದು ಎಲ್ಲೋ ಓದಿದ್ದ ನಾನು, ಹಿಂದಿನ ಸೀಟು, ಬಾಗಿಲಿನ ಒಳಪದರ, ಕಿಟಕಿಯ ಗಾಜು, ಹಾರ್ನು ಎಲ್ಲವನ್ನೂ ಬಿಚ್ಚುತ್ತ ಹೋದೆ. ಹಸು ಮಾರಿದ ಮೇಲೂ ಅಭ್ಯಾಸಬಲದಿಂದ ಕೊಟ್ಟಿಗೆಗೆ ಬರುತ್ತಿದ್ದ ಸೊಣ್ಣಮ್ಮನವರು ಒಂದು ದಿನ ಸೊಂಟದ ಮೇಲೆ ಕೈಯಿಟ್ಟು, "ಏನ್ ಗಯಾಸಣ್ಣ, ಇಂಗೇ ಬಿಚ್ತಾ ಓದ್ರೆ ಕೊನೇಗೆ ಉಳಿಯೋದು ನೀನೊಬ್ನೇ ಅಲ್ವಾ?" ಎಂದರು. ಕಾರಿನಲ್ಲಿ ಅನವಶ್ಯಕ ಭಾರ ಯಾವುದೆಂದು ಆ ತಾಯಿಗೆ ಅಂದೇ ತಿಳಿದಿತ್ತು.

ಇನ್ನು ನನ್ನ ಹೆಂಡತಿ ಜಾಹಿದಾ. ಯಶವಂತಪುರದ ಲಾರಿ ಮಾಲೀಕರ ಮಗಳಾದ ಈಕೆ, ಮದುವೆಗೆ ಮೊದಲೇ ಅಪ್ಪನ ಲಾರಿಯನ್ನು ಯಾರ್ಡಿನೊಳಗೆ ಹಿಂದಕ್ಕೂ ಮುಂದಕ್ಕೂ ಓಡಿಸಿ ಪಳಗಿದವಳು. ತವರಿನಿಂದ ತಂದ ಕಬ್ಬಿಣದ ಮಂಚವನ್ನು ನಾನು ಕತ್ತರಿಸಿ ಚಾಲಕನ ಸೀಟಿಗೆ ಚೌಕಟ್ಟು ಮಾಡಿದಾಗ ಅವಳು ನೆಲದ ಮೇಲೆ ಚಾಪೆ ಹಾಸಿದಳು. ಕಾರ್ಬುರೇಟರನ್ನು ನಾನು ಪುಸ್ತಕ ನೋಡಿ ಕೆಡಿಸಿದರೆ, ಅವಳು ಕಿವಿಗೊಟ್ಟು ಕೇಳಿ ಸರಿಮಾಡುತ್ತಿದ್ದಳು. ವೆಲ್ಡಿಂಗಿನಲ್ಲೂ ಅವಳ ಕೈ ನನ್ನದಕ್ಕಿಂತ ಸ್ಥಿರ. "ಒಂದ್ ಸಲ ನಾನು ಓಡಿಸ್ಲಾ ಜೀ?" ಎಂದು ಅವಳು ಕೇಳಿದಾಗಲೆಲ್ಲ, ಇದು ಹೆಂಗಸರ ಕೈಗೆ ಕೊಡುವ ಗಾಡಿಯಲ್ಲ ಎಂದು ಗಂಭೀರವಾಗಿ ಹೇಳುತ್ತಿದ್ದವನು ನಾನೇ.

ಈಗ ನಿಜ ಹೇಳಿಬಿಡುತ್ತೇನೆ. ನಾನು ದಿನಾ ಕಾರ್ಖಾನೆಗೆ ಹೋಗುವುದು ಸೈಕಲ್ಲಿನಲ್ಲಿ, ಅದೂ ಇಳಿಜಾರು ಬಂದರೆ ಇಳಿದು ತಳ್ಳಿಕೊಂಡು. ನನ್ನ ಸಂಪೂರ್ಣ ಭರವಸೆ ಇದ್ದದ್ದು ತಮ್ಮ ಮೇಲೆ. ತಾವು ಕಾರನ್ನು ತಿರಸ್ಕರಿಸುತ್ತೀರಿ, ನಾನು ಸಾಯುವವರೆಗೂ ಕ್ಯಾಂಟೀನಿನಲ್ಲಿ ತಮ್ಮನ್ನು ಬೈದುಕೊಂಡು ಮರ್ಯಾದೆಯಿಂದ ಬದುಕುತ್ತೇನೆ ಎಂದುಕೊಂಡಿದ್ದೆ. ತಮಗೆ ನೆರವಾಗಲೆಂದು ಬೆಳಿಗ್ಗೆ ಬ್ರೇಕ್ ದೀಪದ ತಂತಿಯನ್ನೂ ಕಿತ್ತಿದ್ದೆ. ಹೊರಡುವ ಮೊದಲು ಜಾಹಿದಾ, "ತಂತಿ ಬಿಟ್ಕೊಂಡಿತ್ತು ಜೀ, ನಾನೇ ಹಾಕ್ದೆ" ಎಂದಳು.

ತಾವಾದರೂ ಮಾಡಿದ್ದೇನು? ಸುತ್ತಿಗೆಯಿಂದ ಎಲ್ಲ ಕಡೆ ಬಡಿದು, ಚಕ್ರಗಳನ್ನು ಅಲ್ಲಾಡಿಸಿ, ಕಾರಿನಡಿ ಮಲಗಿ, ಎದ್ದು ಬಂದು, "ಯಾರ್ರೀ ವೆಲ್ಡಿಂಗ್ ಮಾಡಿದ್ದು? ತುಂಬಾ ಚೆನ್ನಾಗಿದೆ ಕಣ್ರೀ! ಹೋಗಿ, ಓಡ್ಸಿ" ಎಂದಿರಿ. ನಾನು ಮಾಡಿದ್ದು ಎಂದೆ. ಆ ಸುಳ್ಳಿಗೆ ಶಿಕ್ಷೆಯೂ ಬೇಗನೆ ಸಿಕ್ಕಿತು.

ಬಾವುಟ ಇಳಿದಾಗ ಉಳಿದ ಒಂಬತ್ತು ಕಾರುಗಳು ಧೂಳೆಬ್ಬಿಸಿ ಹೋದವು. ಮೊದಲ ತಿರುವಿನಲ್ಲಿ ಅಂಚಿಗೆ ಜೋಡಿಸಿದ್ದ ಹುಲ್ಲಿನ ಹೊರೆಗಳು ನನ್ನ ಕಡೆಗೇ ಓಡಿ ಬರುತ್ತಿರುವಂತೆ ಕಂಡು, ನನ್ನ ಬಲಗಾಲು ನನ್ನನ್ನು ಕೇಳದೆ ಬ್ರೇಕಿನ ಮೇಲೆ ಹೋಗಿ ಕೂತಿತು. ಎರಡನೆಯ ಸುತ್ತಿನಲ್ಲಿ ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಬಾನೆಟ್ ಎತ್ತಿ, ತುಂಬ ಕೆಟ್ಟಿದೆ ಎಂಬ ಮುಖ ಮಾಡಿ ನಿಂತೆ. ಜಾಹಿದಾ ಬಯಲು ದಾಟಿ ಓಡಿ ಬಂದು, ಬಗ್ಗಿ, ಇನ್ನೂ ಗುರುಗುಟ್ಟುತ್ತಿದ್ದ ಸದ್ದನ್ನು ಅರೆಗಳಿಗೆ ಕೇಳಿಸಿಕೊಂಡಳು.

"ಇಂಜಿನ್ ಚೆನ್ನಾಗೇ ಇದೆಯಲ್ಲ ಜೀ. ಏನಾಯ್ತು?"

"ಹೆದರಿಕೆ ಆಯ್ತು" ಎಂದೆ. ಮದುವೆಯಾದ ಹನ್ನೊಂದು ವರ್ಷದಲ್ಲಿ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಅವಳು ನಗಲಿಲ್ಲ. ಸೆರಗಿನಿಂದ ನನ್ನ ಹಣೆಯ ಬೆವರು ಒರೆಸಿ, "ಮೊದಲೇ ಹೇಳ್ಬಾರ್ದಿತ್ತಾ? ಮೂರು ವರ್ಷ ಒಬ್ರೇ ಹೆದರ್ಕೊಂಡಿದ್ರಾ?" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮಧ್ಯಾಹ್ನದ ಮಹಿಳೆಯರ ಪಂದ್ಯಕ್ಕೆ ಮೂರೇ ಕಾರು ಬಂದಿವೆ, ಇನ್ನು ಯಾರಾದರೂ ಇದ್ದೀರಾ ಎಂದು ಮೈಕಿನಲ್ಲಿ ಕೂಗಿದವರು ತಾವೇ. ನಾನು ಹೆಲ್ಮೆಟ್ ತೆಗೆದು ಅವಳ ಕೈಗೆ ಕೊಟ್ಟೆ. ಮೂರು ವರ್ಷದಲ್ಲಿ ಆ ಕಾರಿಗಾಗಿ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಅದು. ಅವಳು ಸೆರಗು ಬಿಗಿದು ಕೂತು ಹೊರಟಾಗ, ಬಸ್ಸು ಹತ್ತಿ ನೋಡಲು ಬಂದಿದ್ದ ಸೊಣ್ಣಮ್ಮನವರು ಹಗ್ಗದ ಮೇಲೆ ಬಗ್ಗಿ, "ಓಗವ್ವ, ಓಗು! ಯಾರ್ಗೂ ದಾರಿ ಬಿಡ್ಬ್ಯಾಡ!" ಎಂದು ಅಬ್ಬರಿಸಿದರು. ಜಾಹಿದಾ ಹುಲ್ಲಿನ ಹೊರೆಗಳ ಅಂಚನ್ನು ಸವರಿಕೊಂಡು ತಿರುಗಿ, ಎರಡನೆಯವಳಾಗಿ ಬಂದಳು. ಕೂಗಿ ಕೂಗಿ ನನ್ನ ಗಂಟಲು ಇವತ್ತಿಗೂ ಕಟ್ಟಿದೆ.

ಆದ್ದರಿಂದ ತಾವು ದಯಮಾಡಿ ನನ್ನ ಕಾರನ್ನು ಹಿಂದಿನ ತಾರೀಖು ಹಾಕಿ ತಿರಸ್ಕರಿಸಬೇಕು. ಅದಾಗದಿದ್ದರೆ, ಮುಂದಿನ ವರ್ಷದಿಂದ ಗಂಡಸು ಚಾಲಕರನ್ನೂ ಅದೇ ಸುತ್ತಿಗೆಯಿಂದ ಮೆಲ್ಲಗೆ ಬಡಿದು, ಒಳಗೆ ಟೊಳ್ಳಿದೆಯೇ ಎಂದು ಪರೀಕ್ಷಿಸುವ ನಿಯಮ ತರಬೇಕು. ಮೂರನೆಯದಾಗಿ, ಕ್ಯಾಂಟೀನಿನ ಆ ಮೂವತ್ತು ಜನರಿಗೆ ಬೇರೆ ಊರಿಗೆ ವರ್ಗ ಮಾಡಿಸಿಕೊಡಬೇಕು.

ತಾವು ಒಪ್ಪಿಕೊಂಡಿದ್ದರಿಂದಲೇ ಈ ಗತಿಗೆ ಬಂದ
ತಮ್ಮ ವಿಶ್ವಾಸಿ,
ಗಯಾಸ್

ತಾ.ಕ.: ಮೊದಲು ಬಂದ ಕಾರು ಕೊನೆಯ ತಿರುವಿನಲ್ಲಿ ಬಿಳಿ ಗೆರೆ ದಾಟಿ ಒಳಗಿನಿಂದ ನುಗ್ಗಿದ್ದನ್ನು ತಾವು ನೋಡಲಿಲ್ಲವಂತೆ, ಆ ಹೊತ್ತಿನಲ್ಲಿ ತಾವು ಎಳನೀರು ಕುಡಿಯುತ್ತಿದ್ದಿರಂತೆ. ಈ ಬಗ್ಗೆ ಜಾಹಿದಾ ತನ್ನ ಹೆಸರಿನಲ್ಲೇ ಬೇರೆ ದೂರು ಬರೆದು ಮುಗಿಸಿದ್ದಾಳೆ. ಅದನ್ನು ನಾನು ಓದಿದ್ದೇನೆ. ತಾವು ಕೂತುಕೊಂಡು ಓದುವುದು ಒಳ್ಳೆಯದು.