ಪೇಟೆಗೆ ಹೋಗಿ ಬಂದ ಸೆನ್ಸರ್

ಏಳನೇ ಕ್ಲಾಸಿಗೇ ಶಾಲೆಗೆ ಕೈ ಮುಗಿದವನು ನಾನು. ಆದರೂ ನಮ್ಮ ರಾಜಘಟ್ಟದ ಕಡೆ ಹುರುಳಿಕಾಯಿ ಬೆಳೆಯೋದರಲ್ಲಿ ನನಗೆ ಸಮ ಯಾರೂ ಇಲ್ಲ ಅಂತ ಊರೇ ಹೇಳುತ್ತೆ. ಊರು ಮರೆತರೆ ನಾನೇ ನೆನಪು ಮಾಡ್ತೀನಿ!

ಮಗಳು ಚೈತ್ರ ಬಿ.ಎಸ್ಸಿ. ಅಗ್ರಿ ಮುಗಿಸಿ ಬಂದವಳೇ ನನ್ನ ಅರ್ಧ ಎಕರೆ ಹುರುಳಿಕಾಯಿ ಸಾಲಿನ ನಡುವೆ ಒಂದು ಸೆನ್ಸರ್ ನೆಟ್ಟಳು. ಎರಡು ಉದ್ದನೆ ಕಡ್ಡಿ, ಮೇಲೊಂದು ಬಿಳಿ ಡಬ್ಬಿ, ಅದರೊಳಗೊಂದು ಸಿಮ್ಮು. ಮಣ್ಣು ಒಣಗಿದೆ ಅಂತ ಅದಕ್ಕೆ ಗೊತ್ತಾದರೆ ಆ ಸಿಮ್ಮಿನ ಮೂಲಕ ತಾನೇ ಮೋಟಾರ್ ಆನ್ ಮಾಡುತ್ತೆ, ಚೈತ್ರಳ ಫೋನಿಗೂ ಮೆಸೇಜು ಕಳಿಸುತ್ತೆ.

"ಇದಕ್ಕೆ ಇಷ್ಟು ವರ್ಷ ಓದಬೇಕಿತ್ತಾ? ನಾನು ಬೆರಳು ಚುಚ್ಚಿದರೆ ಸಾಕು, ತೇವ ಹೇಳ್ತೀನಿ" ಅಂದೆ.

"ಮದುವೆಗೆ ಹೋಗುವಾಗ ಬೆರಳು ಹೊಲದಲ್ಲಿ ಬಿಟ್ಟು ಹೋಗ್ತೀಯೇನಪ್ಪಾ?" ಅಂದಳು.

ಬೆರಳನ್ನು ಟವೆಲಿಗೆ ಒರೆಸಿಕೊಂಡೆ.

ಅವಳ ಜೊತೆ ಓದಿದ ನಾಲ್ವರಿಗೆ ಮಾತ್ರ ಅನುಮಾನ. "ಪರೀಕ್ಷೇಲಿ ಬರೆಯೋಕೆ ಚೆನ್ನಾಗಿದೆ, ಹೊಲದಲ್ಲಿ ನಡೆಯುತ್ತಾ?" ಅಂತ. ಅದರಲ್ಲೂ ಮಧು ಅನ್ನೋನು ಬ್ಯಾಂಕ್ ಪರೀಕ್ಷೆಗೆ ಓದ್ತಾ ಕೂತಿದ್ದ. ಅವರು ಒಪ್ಪಿದರೆ ಐದೂ ಜನ ಸೇರಿ ಸುತ್ತಲ ಹಳ್ಳಿಗಳಿಗೆ ಸೆನ್ಸರ್ ಹಾಕಿಕೊಡೋ ಕೆಲಸ ಶುರು ಮಾಡೋದು. ಒಪ್ಪದಿದ್ದರೆ ಚೈತ್ರ ಗೊಬ್ಬರದ ಕಂಪನಿ ಕೆಲಸಕ್ಕೆ ದೂರದ ಕಲಬುರಗಿಗೆ. ಅವಳು ಇಲ್ಲೇ ಇರಲಿ ಅಂತ ನನ್ನ ಆಸೆ. ಬಾಯಿ ಬಿಟ್ಟು ಹೇಳಿರಲಿಲ್ಲ, ಅಷ್ಟೇ.

ನಾಲ್ವರೂ ನೋಡೋಕೆ ಬರೋ ದಿನ ಬಂತು. ಅವರನ್ನು ಕರೆತರೋಕೆ ಬಸ್‌ಸ್ಟ್ಯಾಂಡಿಗೆ ಹೊರಟ ಚೈತ್ರ, "ಅಪ್ಪಾ, ನಿನ್ನ ದಮ್ಮಯ್ಯ, ಇವತ್ತು ಫ್ಯೂಸ್ ಮಾತ್ರ ಕೀಳಬೇಡ" ಅಂದಳು. ಹೊಲ ಬಿಡುವಾಗ ಮೋಟಾರಿನ ಫ್ಯೂಸ್ ಕಿತ್ತು ಜೇಬಿಗೆ ಹಾಕೋದು ನನ್ನ ಹಳೇ ಅಭ್ಯಾಸ. ನಮ್ಮ ಕಡೆ ಕಳ್ಳರ ಕಾಟ ಅಂಥದ್ದು.

ಆಯ್ತು, ಫ್ಯೂಸ್ ಮುಟ್ಟಲಿಲ್ಲ. ಆದರೆ ಏನನ್ನಾದರೂ ಕೀಳದೆ ನನ್ನ ಕಾಲು ಹೊಲದಿಂದ ಏಳಬೇಕಲ್ಲ! ನಾನೋ ಅವರ ಊಟಕ್ಕೆ ಕೋಳಿ, ಸೊಪ್ಪು ತರೋಕೆ ದೊಡ್ಡಬಳ್ಳಾಪುರಕ್ಕೆ ಹೊರಟಿದ್ದೀನಿ. ಮಗಳ ಸೆನ್ಸರ್ ಒಂಟಿಯಾಗಿ ಹೊಲದಲ್ಲಿ ನಿಂತಿದೆ. ಕಿತ್ತೆ. ಮಣ್ಣು ಒರೆಸಿದೆ. ಟವೆಲಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಮಗಳ ಮಾತು ಮೀರಿದವನಲ್ಲ ನಾನು. ಸೆನ್ಸರ್ ವಿಷಯ ಅವಳು ಏನೂ ಹೇಳಿರಲಿಲ್ಲ!

ಕೋಳಿ ಅಂಗಡಿ ಬಾಷಾ ಭಾಯ್ ಚೀಲದೊಳಗೆ ಇಣುಕಿದರು. "ಏನಪ್ಪಾ ಇದು, ಕೂಸು ಮಲಗಿಸಿದಂಗೆ ಮಲಗಿಸಿದ್ದೀಯ?"

"ಸೆನ್ಸರ್ ಭಾಯ್. ಹೊಲ ಪೂರ್ತಿ ಇದೇ ನೋಡ್ಕೊಳ್ಳುತ್ತೆ!"

"ಅರೆ, ಹೊಲ ಅಲ್ಲಿದೆ, ಇದು ಇಲ್ಲಿದೆ. ಹೆಂಗ್ ನೋಡುತ್ತೆ?"

"ಸಿಮ್ ಇದೆ ಭಾಯ್" ಅಂದೆ, ಡಿಗ್ರಿ ಓದಿದವನ ಗತ್ತಿನಲ್ಲಿ.

ವಾಪಸ್ ಬಂದರೆ ಹೊಲ ಇಲ್ಲ. ಕೆರೆ ಇದೆ! ಮೋಟಾರು ಒಂದೇ ಸಮ ನೀರು ಕಕ್ಕುತ್ತಿದೆ. ಓಡಿಹೋಗಿ ಫ್ಯೂಸ್ ಕಿತ್ತೆ. ತಿರುಗಿ ನೋಡಿದರೆ ಚೈತ್ರ, ಹಿಂದೆ ನಾಲ್ವರು. "ನೋಡ್ರೋ, ನಾವು ಬಸ್‌ಸ್ಟ್ಯಾಂಡಲ್ಲಿದ್ದಾಗಲೇ ತಾನೇ ಮೋಟಾರ್ ಆನ್ ಆಗಿದೆ" ಅಂತ ಫೋನ್ ತೋರಿಸುತ್ತಾ ಬಂದವಳು ಹಾಗೇ ನಿಂತಳು. ಮಧುವಿನ ಒಂದು ಚಪ್ಪಲಿ ಕೆಸರಲ್ಲಿ ಕಾಣೆಯಾಯಿತು.

"ನಾನು ಹೇಳ್ಲಿಲ್ವಾ? ಇದೆಲ್ಲ ಹೊಲದಲ್ಲಿ ನಡೆಯಲ್ಲ" ಅಂದ.

ಮಗಳ ಮುಖ ಬಾಡಿತು. ಆದರೆ ನಾಲಿಗೆ ಕೇಳಬೇಕಲ್ಲ! "ಎಷ್ಟಾದ್ರೂ ಯಂತ್ರ ಯಂತ್ರಾನೇ, ಬೆರಳು ಬೆರಳೇ" ಅಂತ ಎಲ್ಲರ ಮುಂದೆ ಭಾಷಣ ಶುರು ಮಾಡಿಬಿಟ್ಟೆ. ಅಡುಗೆಗೆ ಹೊತ್ತಾಯ್ತು ಅಂತ ಹುಡುಕಿಕೊಂಡು ಬಂದ ನನ್ನ ಹೆಂಡತಿ ಜಯಮ್ಮ ಚೀಲ ಕಿತ್ತುಕೊಂಡು ಕೈ ಹಾಕಿದಳು. ಕೊತ್ತಂಬರಿ ಕಟ್ಟಿನ ಹಿಂದೆಯೇ ಬಿಳಿ ಡಬ್ಬಿ ಹೊರಗೆ ಬಂತು.

"ರೀ, ಇದನ್ನೂ ಸಾರಿಗೆ ಹಾಕಬೇಕಾ?"

ನಾನು ಕೊತ್ತಂಬರಿ ಕಟ್ಟು ಎತ್ತಿಕೊಂಡು ಮನೆ ಕಡೆ ತಿರುಗಿದೆ.

"ಅಪ್ಪಾ! ಚೀಲದಲ್ಲಿ ತೇವ ಎಲ್ಲಿಂದ ಬರಬೇಕು? ಒಣಗಿದೆ, ಒಣಗಿದೆ ಅಂತ ಪಾಪ ಅದು ಬೆಳಗ್ಗೆಯಿಂದ ಬಡ್ಕೊಳ್ತಾ ಇದೆ!" ಅಂದಳು ಚೈತ್ರ.

ಮೊದಲು ನಕ್ಕವನು ಒಂಟಿ ಚಪ್ಪಲಿಯ ಮಧು. "ಲೇ, ಇದು ಒಂದು ಸುಳ್ಳೂ ಹೇಳಿಲ್ಲ ಕಣ್ರೋ! ಅಂಕಲ್ ಪೇಟೆಗೆ ಕರ್ಕೊಂಡು ಹೋದ್ರೂ ಡ್ಯೂಟಿ ಬಿಟ್ಟಿಲ್ಲ!" ಇನ್ನೊಬ್ಬಳು, "ನಮ್ಮಪ್ಪನೂ ಫ್ಯೂಸ್ ಕೀಳೋ ಪಾರ್ಟಿನೇ" ಅಂದಳು. ಮೂರನೆಯವನ ತಾತ ಫ್ಯೂಸನ್ನು ದಿಂಬಿನ ಕೆಳಗೆ ಇಟ್ಟುಕೊಂಡೇ ಮಲಗ್ತಾರಂತೆ.

ಕೋಳಿ ಸಾರು ಮುಗಿಯೋ ಹೊತ್ತಿಗೆ ನಾಲ್ವರು ಪದವೀಧರರ ತೀರ್ಮಾನ ಹೊರಬಿತ್ತು: ಯಂತ್ರದಲ್ಲಿ ದೋಷವಿಲ್ಲ, ದೋಷವೆಲ್ಲ ಅಪ್ಪಂದಿರದ್ದು. ಕೆಲಸ ಶುರು ಮಾಡೋಣ, ಆದರೆ ಪ್ರತಿ ಸೆನ್ಸರಿಗೂ ಕಬ್ಬಿಣದ ಪಂಜರ, ಅದಕ್ಕೊಂದು ಬೀಗ!

ಅರ್ಧ ಹುರುಳಿಕಾಯಿ ಕೊಳೆಯಿತು. ಚೈತ್ರ ಊರಲ್ಲೇ ಉಳಿದಳು. ಮೊದಲ ಪಂಜರ ನಮ್ಮ ಹೊಲಕ್ಕೇ ಬಂತು. ಬೀಗದ ಕೈ ಹೊಲದ ಯಜಮಾನನಿಗೆ ತಾನೇ ಕೊಡೋದು ಅಂತ ಜೇಬು ಅಗಲ ಮಾಡಿಕೊಂಡು ನಿಂತಿದ್ದೆ. ಜಯಮ್ಮ ಅದನ್ನು ತನ್ನ ಸೊಂಟದ ಗೊಂಚಲಿಗೆ ಸೇರಿಸಿಕೊಂಡಳು. ನನಗೆ ಸಕ್ಕರೆ ಕಾಯಿಲೆ ಬಂದಾಗಿನಿಂದ ಬೆಲ್ಲದ ಡಬ್ಬದ ಬೀಗದ ಕೈಯೂ ಅಲ್ಲೇ ಇದೆ!