ಮುನ್ನೂರು ಹಸು, ಒಂದು ಹೆಬ್ಬೆರಳು

ನೆವಿಲ್ ಪ್ರೌಸ್‌ನ ಹೆಬ್ಬೆರಳು ಒಂದು ಸುತ್ತು ದಪ್ಪ. ಅವತ್ತಿನ ರಾದ್ಧಾಂತಕ್ಕೆಲ್ಲ ಮೂಲ ಅದೇ.

ಹೈನಿಗೆ ಹೆಸರಾದ ತಾರಾನಾಕಿ ಸೀಮೆಯ ಆ ರಸ್ತೆಯಲ್ಲಿ ಹಸು ಕಟ್ಟಿಕೊಂಡು ಉಳಿದವನು ಅವನೊಬ್ಬನೇ. ಪಕ್ಕದ ಕಾಲಿನ್ ಹಸುಗಳನ್ನು ಮಾರಿ ಕಿವಿಹಣ್ಣಿನ ಬಳ್ಳಿ ಹಬ್ಬಿಸಿದ್ದ. ಆಚೆಯವರು ಗುಡ್ಡದ ತುಂಬ ಪೈನ್ ನೆಟ್ಟಿದ್ದರು.

"ಪ್ರಪಂಚದಲ್ಲಿ ಮಕ್ಕಳು ಹುಟ್ತಾ ಇರೋವರೆಗೂ ನಮ್ಮ ಹಾಲಿನ ಪುಡಿ ಹಡಗು ಹತ್ತತ್ತೆ ಕಣೋ" ಎನ್ನುತ್ತಿದ್ದ ನೆವಿಲ್. ಕಾಲಕ್ಕೆ ತಕ್ಕ ಹಾಗೆ ಮುನ್ನೂರು ಹಸುಗಳಿಗೂ ಹೊಸ ಕೊರಳಪಟ್ಟಿ ತೊಡಿಸಿದ್ದ. ಫೋನಿನ ನಕ್ಷೆಯಲ್ಲಿ ಜಾಗ ಒತ್ತಿದರೆ ಪಟ್ಟಿ ಗುಂಯ್‌ಗುಡುತ್ತದೆ. ಹಸುಗಳು ತಾವೇ ಅಲ್ಲಿಗೆ ನಡೆಯುತ್ತವೆ. ನಾಯಿಯೂ ಬೇಡ, ಆಳೂ ಬೇಡ.

ಆ ದಿನ ಹನ್ನೊಂದಕ್ಕೆ ಶಾಂಘೈನಿಂದ ಶೆನ್ ಮೇಡಂ ಬರುವವರಿದ್ದರು. ಅವರು ಒಪ್ಪಿದರೆ ಊರಿನ ಪುಡಿ ಕಾರ್ಖಾನೆಗೆ ಹತ್ತು ವರ್ಷದ ಗಿರಾಕಿ. ಹಸುಗಳು ಮನೆ ಮುಂದೆ ಮೇಯುತ್ತಿದ್ದರೆ ಚೆಂದವೆಂದು ನೆವಿಲ್ ಫೋನು ಒತ್ತಿ, ಗಡ್ಡ ಹೆರೆಯಲು ಹೋದ.

ಅರ್ಧ ಕೆನ್ನೆ ಮುಗಿಯುವಷ್ಟರಲ್ಲಿ ಬೇಲಿಯಾಚೆಯಿಂದ ಕಾಲಿನ್ ಅರಚಿದ. "ಲೋ ನೆವಿಲ್! ನಿನ್ನ ಮುನ್ನೂರು ಜನ ಬೀಗಿತ್ತಿಯರು ನನ್ನ ತೋಟಕ್ಕೆ ಊಟಕ್ಕೆ ಬಂದಿದಾರಲ್ಲೋ!"

ನಕ್ಷೆಯಲ್ಲಿ ಬೆರಳು ಪಕ್ಕದವನ ಜಮೀನಿನ ಮೇಲೆ ಬಿದ್ದಿತ್ತು. ಹಣ್ಣು ಕೀಳುವವರು ಗೇಟು ತೆರೆದೇ ಬಿಟ್ಟಿದ್ದರು. ಸೋಪಿನ ನೊರೆ ಸಮೇತ ಓಡಿದ ನೆವಿಲ್ ಗಾಬರಿಯಲ್ಲಿ ಮತ್ತೆ ಒತ್ತಿದ. ಈ ಸಲ ಬಿದ್ದದ್ದು ಹೆದ್ದಾರಿಯ ಮೇಲೆ. ಹಸುಗಳು ಮದುವೆ ದಿಬ್ಬಣದಂತೆ ಹೊರಟು, ಎದುರು ಬಂದ ಕಾರನ್ನು ಸುತ್ತುವರಿದವು. ಕಾರಿನೊಳಗೆ ಶೆನ್ ಮೇಡಂ! ಒಂದು ಹಸು ಕಿಟಕಿ ನೆಕ್ಕುತ್ತಿತ್ತು.

"ಹೋಯ್ತು ನಿನ್ನ ಹತ್ತು ವರ್ಷ" ಎಂದ ಕಾಲಿನ್, ಏದುಸಿರು ಬಿಡುತ್ತ.

"ಕೊಡಿಲ್ಲಿ!" ಹೆಂಡತಿ ಗ್ಲೆನಿಸ್ ಫೋನು ಕಿತ್ತುಕೊಂಡು ಸೆರಗ—ಅಲ್ಲ, ಏಪ್ರನ್ನಿನಿಂದ ಒರೆಸಿ, ಒಂದೇ ಸಲ ಒತ್ತಿದಳು. ಮುನ್ನೂರು ಹಸುಗಳೂ ಸ್ಕೂಲಿನ ಗಂಟೆ ಕೇಳಿದಂತೆ ತಿರುಗಿ, ಸಾಲಾಗಿ ಮನೆಯತ್ತ ನಡೆದವು.

ಶೆನ್ ಮೇಡಂ ಕಾರಿನಿಂದಿಳಿದು ಚಪ್ಪಾಳೆ ತಟ್ಟಿದರು!

ಊಟದ ಮೇಜಿನಲ್ಲಿ ಅವರು ಕೇಳಿದ್ದೇ ಕೇಳಿದ್ದು, ನೆವಿಲ್ ಹೇಳಿದ್ದೇ ಹೇಳಿದ್ದು: ಹುಲ್ಲು ಹೇಗೆ ಉಳಿಯುತ್ತದೆ, ಆಳು ಹೇಗೆ ಬೇಡ, ಹಾಲು ಹೇಗೆ ಹೆಚ್ಚುತ್ತದೆ. ಎರಡು ತಾಸಿನ ನಂತರ ಮೇಡಂ ಹೊರಗೆ ಹೋಗಿ, ಫೋನಿನಲ್ಲಿ ಮಾತಾಡಿ ಬಂದರು.

"ಇವತ್ತೇ ಆರ್ಡರ್ ಕೊಡೋದಕ್ಕೆ ನಮ್ಮ ಆಫೀಸು ಒಪ್ಪಿದೆ, ಪ್ರೌಸ್ ಅವರೇ."

ನೆವಿಲ್ ಪಕ್ಕದಲ್ಲಿ ಊಟಕ್ಕೆ ಕೂತಿದ್ದ ಕಾಲಿನ್‌ಗೆ ಕಣ್ಣು ಹೊಡೆದ. "ಎಷ್ಟು ಟನ್ ಮೇಡಂ?"

"ಟನ್ ಅಲ್ಲ, ಐವತ್ತು ಸಾವಿರ ಕೊರಳಪಟ್ಟಿ. ನಮ್ಮಲ್ಲಿ ಹಸು ಬೇಕಾದಷ್ಟಿವೆ, ನೋಡ್ಕೊಳ್ಳೋಕೆ ಜನ ಇರಲಿಲ್ಲ. ನೀವು ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದ್ರಿ! ಇನ್ನು ನಿಮ್ಮ ಪುಡಿ ಬೇಡ, ನಾವೇ ಹಾಲು ಕರ್ಕೋತೀವಿ."

ಕಾರು ಹೋದ ಮೇಲೆ ನೆವಿಲ್ ಎದೆಯುಬ್ಬಿಸಿದ.

"ಹೋದ್ರೆ ಹೋಗ್ಲಿ. ಮುಂದಿನ ವಾರ ಇಂಡೋನೇಷ್ಯಾದವರು ಬರ್ತಾರೆ. ನಮ್ಮ ಹಾಲಿಗೇನು ಗಿರಾಕಿಗಳ ಬರವೇ?"

"ಬರ್ಲಿ" ಎಂದಳು ಗ್ಲೆನಿಸ್. "ಫೋನು ನನ್ನ ಹತ್ರ ಇರತ್ತೆ. ಬಾಯಿ ಮಾತ್ರ ನಿನ್ನ ಹತ್ರಾನೇ ಇರ್ಲಿ, ಮುಚ್ಕೊಂಡು."